ಬಟನ್ ಸೆಲ್ ಕೈಕೊಟ್ಟಾಗ: ತಪ್ಪು ಸೆಲ್ಲಿನದ್ದೋ, ಸಾಧನದ್ದೋ?

ಕಾರಿನ ರಿಮೋಟ್ ಕೀ, ಸಕ್ಕರೆ ನೋಡುವ ಗ್ಲುಕೋಮೀಟರ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಕಂಪ್ಯೂಟರಿನ ಮದರ್‌ಬೋರ್ಡ್, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ತಾಪಮಾನ ದಾಖಲಿಸುವ ಲಾಗರ್, ಹೊಲದಲ್ಲಿ ಮಣ್ಣಿನ ತೇವ ನೋಡುವ ಸೆನ್ಸರ್. ಇವುಗಳಲ್ಲಿ ಬಹಳಷ್ಟರ ಒಳಗೆ ಇರುವುದು ಚಾರ್ಜ್ ಮಾಡಲು ಬಾರದ ಲಿಥಿಯಂ ಸೆಲ್. ಒಮ್ಮೆ ಹಾಕಿದರೆ ವರ್ಷಗಟ್ಟಲೆ ನಡೆಯಬೇಕು. ನಡೆಯದಿದ್ದರೆ ಹೊಸದು ತಂದು ಹಾಕುತ್ತೇವೆ. ಅದೂ ಬೇಗ ಹೋದರೆ ಇನ್ನೊಂದು ತರುತ್ತೇವೆ.

ಹುಬ್ಬಳ್ಳಿ-ಧಾರವಾಡದ ಅಂಗಡಿಗಳಲ್ಲಿ ಕೇಳಿಬರುವ ಮಾತು ಒಂದೇ: "ಸೆಲ್ ಚಲೋ ಐತ್ರಿ, ಮೀಟರ್‌ನ್ಯಾಗ ಮೂರು ವೋಲ್ಟ್ ಬರಾಕತ್ತೈತಿ." ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಮೂರು ವೋಲ್ಟ್ ನಿಜವಾಗಿಯೂ ಬರುತ್ತಿರುತ್ತದೆ. ಆದರೆ ಲಿಥಿಯಂ ಸೆಲ್ ವಿಷಯದಲ್ಲಿ ಆ ಅಂಕಿ ಒಂದನ್ನೇ ನಂಬಿ ತೀರ್ಪು ಕೊಡಬಾರದು. ಸೆಲ್ಲಿಗೆ ಕೆಲಸ ಕೊಟ್ಟಾಗ ವೋಲ್ಟೇಜ್ ಎಷ್ಟು ಉಳಿಯುತ್ತದೆ, ಸಾಧನ ಸುಮ್ಮನಿದ್ದಾಗ ಎಷ್ಟು ಕರೆಂಟ್ ಎಳೆಯುತ್ತದೆ, ಈ ಎರಡನ್ನು ನೋಡಿದರೆ ಮುಕ್ಕಾಲು ಪಾಲು ದೋಷ ಸಿಕ್ಕಿಬಿಡುತ್ತದೆ.

ಎಲ್ಲಕ್ಕಿಂತ ಮೊದಲು: ಮಗು ಸೆಲ್ ನುಂಗಿದ ಅನುಮಾನ ಇದ್ದರೆ

ಮಗು ಇದ್ದಕ್ಕಿದ್ದ ಹಾಗೆ ಜೊಲ್ಲು ಸುರಿಸುತ್ತಿದೆ. ಊಟ ಬೇಡ ಅನ್ನುತ್ತಿದೆ. ಕೆಮ್ಮುತ್ತಿದೆ, ಎದೆ ಮುಟ್ಟಿಕೊಂಡು ಅಳುತ್ತಿದೆ. ಮನೆಯಲ್ಲಿ ಒಂದು ಬಟನ್ ಸೆಲ್ ಕಾಣುತ್ತಿಲ್ಲ. ಇಷ್ಟು ಸಾಕು, ಆಸ್ಪತ್ರೆಗೆ ಹೊರಡಿ. ಯಾವ ಲಕ್ಷಣವೂ ಇಲ್ಲ, ಆದರೆ ಬಾಯಿಗೆ ಹಾಕಿಕೊಂಡಿದ್ದು ಕಂಡಿದೆ ಅಂದರೂ ಹೊರಡಿ.

20 ಮಿಲಿಮೀಟರ್ ಅಗಲದ ಸೆಲ್ ಚಿಕ್ಕ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ಒದ್ದೆಯ ಮೂಲಕ ಕರೆಂಟ್ ಹರಿದು, ಮೈನಸ್ ಬದಿಯಲ್ಲಿ ತೀಕ್ಷ್ಣ ಕ್ಷಾರ ಹುಟ್ಟುತ್ತದೆ. ಎರಡೇ ಗಂಟೆಯಲ್ಲಿ ಒಳಗೆ ಆಳವಾಗಿ ಸುಟ್ಟುಹೋಗಬಹುದು. ಸೆಲ್ ಒಡೆಯಬೇಕಿಲ್ಲ, ಸೋರಬೇಕಿಲ್ಲ. ಕೀಯಿಂದ ತೆಗೆದ "ಖಾಲಿ" ಸೆಲ್ಲಿನಲ್ಲೂ ಈ ಹಾನಿ ಮಾಡುವಷ್ಟು ವೋಲ್ಟೇಜ್ ಉಳಿದಿರುತ್ತದೆ.

ವಾಂತಿ ಮಾಡಿಸಬೇಡಿ. ಊಟ, ಬಾಳೆಹಣ್ಣು ಅಂತ ಏನನ್ನೂ ತಿನ್ನಿಸಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ 12 ಗಂಟೆ ಆಗಿಲ್ಲದಿದ್ದು, ನುಂಗಲು ಕಷ್ಟ ಇಲ್ಲದಿದ್ದರೆ ದಾರಿಯಲ್ಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಹೆಚ್ಚೆಂದರೆ ಆರು ಸಲ. ಒಂದು ವರ್ಷದೊಳಗಿನ ಮಗುವಿಗೆ ಜೇನು ಬೇಡ. ಜೇನು ಹುಡುಕುತ್ತಾ ಹೊತ್ತು ಕಳೆಯುವುದಂತೂ ಬೇಡವೇ ಬೇಡ. 108ಕ್ಕೆ ಕರೆ ಮಾಡಿ, ಎಕ್ಸ್-ರೇ ಮತ್ತು ಎಂಡೋಸ್ಕೋಪಿ ಎರಡೂ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ. ಬಾಗಿಲಲ್ಲೇ "ಬಟನ್ ಸೆಲ್" ಎಂದು ಹೇಳಿ. ಎಕ್ಸ್-ರೇಯಲ್ಲಿ ಅದನ್ನು ನಾಣ್ಯ ಎಂದು ತಪ್ಪು ತಿಳಿಯುವ ಸಂಭವ ಇದೆ. ಅದೇ ಜಾತಿಯ ಸೆಲ್ ಅಥವಾ ಅದರ ಪ್ಯಾಕೆಟ್ ಇದ್ದರೆ ಜೊತೆಗೆ ಒಯ್ಯಿರಿ.

ಕೈಯಲ್ಲಿ ಏನಿದ್ದರೆ ಸಾಕು

ಸಾದಾ ಡಿಜಿಟಲ್ ಮಲ್ಟಿಮೀಟರ್. 100 ಓಮ್, 330 ಓಮ್ ಮತ್ತು 1 ಕಿಲೋಓಮ್‌ನ ಕಾಲು ವ್ಯಾಟ್ ರೆಸಿಸ್ಟರ್ ಒಂದೊಂದು. ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್, ಹತ್ತಿಬಟ್ಟೆ, ಪೆನ್ಸಿಲ್ ರಬ್ಬರ್. ಸೆಲ್ ಹಿಡಿಯಲು ಪ್ಲಾಸ್ಟಿಕ್ ಚಿಮಟ. ಉಕ್ಕಿನ ಚಿಮಟ ಬೇಡ. ಬಟನ್ ಸೆಲ್ಲಿನ ಅಂಚೂ ಪ್ಲಸ್ಸೇ ಆಗಿರುವುದರಿಂದ ಚಿಮಟದ ಎರಡು ತುದಿ ಪ್ಲಸ್-ಮೈನಸ್ ಎರಡಕ್ಕೂ ತಾಗಿ ಶಾರ್ಟ್ ಆಗುತ್ತದೆ.

ಮಲ್ಟಿಮೀಟರನ್ನು ಆಂಪಿಯರ್‌ನಲ್ಲಿ ಇಟ್ಟು ಸೆಲ್ಲಿನ ಎರಡೂ ಬದಿಗೆ ಹಚ್ಚಿ "ಎಷ್ಟು ಆಂಪಿಯರ್ ಬರುತ್ತದೆ" ಎಂದು ನೋಡುವವರು ಇದ್ದಾರೆ. ಹಾಗೆ ಮಾಡಬೇಡಿ. ಅದು ಸೆಲ್ಲನ್ನು ನೇರವಾಗಿ ಶಾರ್ಟ್ ಮಾಡಿದ ಹಾಗೆ. ಬಟನ್ ಸೆಲ್ ಅರ್ಧ ಸತ್ತೇ ಹೋಗುತ್ತದೆ. ಕ್ಯಾಮೆರಾದ ಸಿಆರ್123ಎ ತರಹದ ದೊಡ್ಡ ಸೆಲ್ ಆದರೆ ಕೈ ಸುಡುವಷ್ಟು ಕಾಯುತ್ತದೆ.

ಹೊಸ ಸೆಲ್ ಹಾಕಿದರೂ ಸಾಧನ ಆನ್ ಆಗುತ್ತಿಲ್ಲ

ದುಡ್ಡು ಖರ್ಚಿಲ್ಲದ ಪರೀಕ್ಷೆಗಳು ಇಲ್ಲೇ ಇವೆ.

ಸೆಲ್ ತಿರುಗಿಸಿ ನೋಡಿ. ಅಕ್ಷರ ಬರೆದಿರುವ ಅಗಲ ಬದಿ ಪ್ಲಸ್. ಕೆಲವು ತಕ್ಕಡಿಗಳ ಹೊಸ ಸೆಲ್ ಕೆಳಗೆ ತೆಳು ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದನ್ನು ಎಳೆದು ತೆಗೆಯಬೇಕು.

ಆಮೇಲೆ ನಂಬರ್ ನೋಡಿ. ಸಿಆರ್2032 ಎಂದರೆ 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಸಿಆರ್2025 ಅಷ್ಟೇ ಅಗಲ, ದಪ್ಪ ಮಾತ್ರ 2.5. "ಅದೇ ಸೈಜು, ನಡೆಯುತ್ತದೆ" ಎಂದು ಕೊಟ್ಟಿದ್ದರೆ ಸ್ಪ್ರಿಂಗ್ ಸರಿಯಾಗಿ ಒತ್ತುವುದಿಲ್ಲ. ಸಾಧನ ಅಲ್ಲಾಡಿಸಿದಾಗ ಆನ್ ಆಗಿ ಮತ್ತೆ ಆಫ್ ಆಗುತ್ತಿದ್ದರೆ ಇದೇ ಕಾರಣ. ಸಿಆರ್2016ರ ದಪ್ಪ 1.6. ಎರಡು ಸೇರಿಸಿದರೆ ಸಿಆರ್2032ರ ಜಾಗದಲ್ಲಿ ಸರಿಯಾಗಿ ಕೂರುತ್ತದೆ, ಆದರೆ 6 ವೋಲ್ಟ್ ಹರಿಯುತ್ತದೆ. ಸಾಧನ ಸುಟ್ಟುಹೋಗಬಹುದು.

ನಂಬರ್ ಸರಿ ಇದ್ದರೆ ಸಂಪರ್ಕ ನೋಡಿ. ಹೋಲ್ಡರಿನ ಪಟ್ಟಿಗೆ ಹಸಿರು ಅಥವಾ ಬಿಳಿ ಪುಡಿ ಹಿಡಿದಿದ್ದರೆ ಆಲ್ಕೋಹಾಲಿನಲ್ಲಿ ಒರೆಸಿ, ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ. ಮರಳು ಕಾಗದ ಬಳಸಿದರೆ ಮೇಲಿನ ಲೇಪನ ಹೋಗಿ ತುಕ್ಕು ಜಾಸ್ತಿ ಆಗುತ್ತದೆ. ಪಟ್ಟಿ ಸಡಿಲವಾಗಿದ್ದರೆ ಪ್ಲಾಸ್ಟಿಕ್ ಕಡ್ಡಿಯಿಂದ ತುಸು ಮೇಲೆತ್ತಿ.

ಇನ್ನೊಂದು ಕಾರಣ ಅನೇಕರಿಗೆ ಗೊತ್ತಿಲ್ಲ. ಮಕ್ಕಳು ಬಾಯಿಗಿಟ್ಟ ಕೂಡಲೇ ಉಗುಳಲಿ ಎಂದು ಕೆಲವು ಕಂಪನಿಗಳು ಸೆಲ್ಲಿಗೆ ಕಹಿ ಲೇಪನ ಹಚ್ಚುತ್ತವೆ. ತುಂಬ ಒಳ್ಳೆಯ ಕ್ರಮ. ಆದರೆ ಕಳೆದ ವಸ್ತು ಹುಡುಕಲು ಬಳಸುವ ಕೆಲವು ಟ್ರ್ಯಾಕರ್ ಟ್ಯಾಗ್‌ಗಳಲ್ಲಿ ಸಂಪರ್ಕದ ಬಿಂದು ಸರಿಯಾಗಿ ಆ ಲೇಪನದ ಮೇಲೆ ಬಂದು, ಹೊಸ ಸೆಲ್ ಕೂಡ ಸತ್ತಂತೆ ತೋರುತ್ತದೆ. ಸೆಲ್ಲನ್ನು ಸ್ವಲ್ಪ ಸುತ್ತಿಸಿ ಹಾಕಿ ನೋಡಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಆ ಲೇಪನ ಅಳಿಸುವ ಬದಲು ಆ ಸೆಲ್ಲನ್ನು ಬೇರೆ ಸಾಧನಕ್ಕೆ ಬಳಸುವುದೇ ಮೇಲು.

ಕೊನೆಗೆ, ಸೆಲ್ ನಿಜವಾಗಿ ಹೊಸದೇ? ಲಿಥಿಯಂ ಸೆಲ್ ತಂಪಾದ ಜಾಗದಲ್ಲಿ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಮಾತ್ರ ಸವೆಯುತ್ತದೆ. ಹಾಗಾಗಿ ಅವಧಿ ಬರೆದ ಪ್ಯಾಕೆಟ್ಟಿನಲ್ಲಿ ಬಂದ ಸೆಲ್ ಬಗ್ಗೆ ಚಿಂತೆ ಕಡಿಮೆ. ಸಂತೆಯ ಗಾಡಿಯಲ್ಲಿ ಡಬ್ಬಿಗೆ ಸುರಿದು ಬಿಡಿಯಾಗಿ ಮಾರುವ ಸೆಲ್ ಬಗ್ಗೆ ನನಗೆ ನಂಬಿಕೆ ಇಲ್ಲ. ಒಂದಕ್ಕೊಂದು ತಾಗಿ ಶಾರ್ಟ್ ಆಗಿ ಅರ್ಧ ಖಾಲಿಯಾಗಿರುತ್ತವೆ. ಬಂಗಾರದ ಅಂಗಡಿಯ ತಕ್ಕಡಿ ಸಿಕ್ಕರೆ ತೂಗಿ ನೋಡಿ. ಒಳ್ಳೆಯ ಸಿಆರ್2032 ಸುಮಾರು 3 ಗ್ರಾಂ ಬರುತ್ತದೆ. ತೀರಾ ಹಗುರ ಇದ್ದರೆ ಒಳಗೆ ಸರಕು ಕಮ್ಮಿ ಇದೆ ಎಂದೇ ಅರ್ಥ.

ಮೀಟರ್‌ನಲ್ಲಿ 3 ವೋಲ್ಟ್ ಇದೆ, ಆದರೂ ಸಾಧನ ಸೋಲುತ್ತದೆ

ಎಲ್ಲರೂ ಎಡವುವುದು ಇಲ್ಲಿಯೇ. ಕೀ ಒತ್ತಿದರೆ ಒಮ್ಮೆ ಬಾಗಿಲು ತೆರೆಯುತ್ತದೆ, ಮರುಕ್ಷಣ ಇಲ್ಲ. ಗ್ಲುಕೋಮೀಟರ್ ಆನ್ ಆಗಿ, ರಕ್ತದ ಹನಿ ಇಟ್ಟ ಕೂಡಲೇ ಆಫ್ ಆಗುತ್ತದೆ. ಬ್ಲೂಟೂತ್ ಸೆನ್ಸರ್ ಪದೇ ಪದೇ ರೀಸ್ಟಾರ್ಟ್ ಆಗುತ್ತದೆ. ಸೆಲ್ ತೆಗೆದು ಅಳೆದರೆ 3.0.

ಮನೆ ಮೇಲಿನ ಟ್ಯಾಂಕ್ ತುಂಬಿದೆ, ಪೈಪಿನೊಳಗೆ ಮಾತ್ರ ಸುಣ್ಣ ಕಟ್ಟಿದೆ ಎಂದುಕೊಳ್ಳಿ. ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತೆರೆದರೆ ಸಣ್ಣ ಧಾರೆ. ಸೆಲ್ಲಿನ ಒಳರೋಧ ಆ ಸುಣ್ಣದ ಕೆಲಸ ಮಾಡುತ್ತದೆ. ಹೊಸ ಸಿಆರ್2032ರ ಒಳರೋಧ ಸುಮಾರು 10ರಿಂದ 20 ಓಮ್. ಒಳಗಿನ ಮ್ಯಾಂಗನೀಸ್ ಡೈಆಕ್ಸೈಡ್ ಲಿಥಿಯಂ ಕುಡಿಯುತ್ತಾ ಹೋದಂತೆ ಇದು ಏರುತ್ತದೆ, ಕೊನೆಗಾಲದಲ್ಲಿ ಹಲವು ಪಟ್ಟು ಆಗುತ್ತದೆ. ಮಲ್ಟಿಮೀಟರ್ ಹೆಚ್ಚುಕಡಿಮೆ ಕರೆಂಟನ್ನೇ ಎಳೆಯುವುದಿಲ್ಲ. ಹಾಗಾಗಿ ಅದಕ್ಕೆ ಈ ರೋಧ ಕಾಣುವುದೇ ಇಲ್ಲ.

ಪರೀಕ್ಷೆ ಹೀಗೆ. ಸೆಲ್ಲನ್ನು ಖಾಲಿ ಹೋಲ್ಡರಿನಲ್ಲಿ ಕೂರಿಸಿ. ಹೋಲ್ಡರ್ ಇಲ್ಲದಿದ್ದರೆ ರೆಸಿಸ್ಟರಿನ ಒಂದು ಕಾಲು ಮೇಲೆ, ಇನ್ನೊಂದು ಕೆಳಗೆ ಬರುವಂತೆ ಮಡಚಿ, ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪಿನಿಂದ ಒತ್ತಿ ಹಿಡಿಯಿರಿ. ಮೊದಲು ಬರಿಗೈ ವೋಲ್ಟೇಜ್, ಅಂದರೆ ಏನೂ ಹೊರೆ ಹಚ್ಚದಿದ್ದಾಗಿನ ಅಂಕಿ, ಬರೆದುಕೊಳ್ಳಿ. ಆಮೇಲೆ 100 ಓಮ್ ಹಚ್ಚಿ, ಎರಡು ಸೆಕೆಂಡಿಗೆ ಅಂಕಿ ಎಲ್ಲಿಗೆ ಇಳಿಯಿತು ನೋಡಿ, ತಕ್ಷಣ ತೆಗೆಯಿರಿ. ಸುಮಾರು 30 ಮಿಲಿಆಂಪಿಯರ್ ಹರಿಯುತ್ತದೆ. ಬಟನ್ ಸೆಲ್ಲಿಗೆ ಅದು ದೊಡ್ಡ ಹೊರೆ. ಹಿಡಿದೇ ಇಟ್ಟರೆ ಪರೀಕ್ಷೆಯೇ ಸೆಲ್ಲನ್ನು ತಿಂದುಬಿಡುತ್ತದೆ.

3.1ರಿಂದ 2.7ಕ್ಕೆ ಇಳಿದರೆ ಒಳರೋಧ ಸುಮಾರು 15 ಓಮ್, ಸೆಲ್ ಗಟ್ಟಿಯಿದೆ, ದೋಷ ಬೇರೆ ಕಡೆ ಹುಡುಕಿ. 3.0 ಇದ್ದದ್ದು 2.0ಕ್ಕೆ ಕುಸಿದರೆ ಒಳರೋಧ 50 ಓಮ್, ಅದರಿಂದ ರಿಮೋಟ್, ಬ್ಲೂಟೂತ್‌ನಂಥ ರೇಡಿಯೋ ನಡೆಯುವುದಿಲ್ಲ. ನಡುವೆ ಬಂದರೆ ನನ್ನ ಲೆಕ್ಕ ಇಷ್ಟು: 2.4ಕ್ಕಿಂತ ಮೇಲೆ ನಿಂತ ಸೆಲ್ಲನ್ನು ಗಡಿಯಾರ, ಕ್ಯಾಲ್ಕ್ಯುಲೇಟರಿಗೆ ಹಾಕಿ ಇನ್ನೂ ಬಹಳ ದಿನ ಬಳಸಬಹುದು. ಅದಕ್ಕಿಂತ ಕೆಳಗೆ ಹೋದರೆ ಬಿಡಿ. ಈ ಅಂಕಿಗಳು ಸಿಆರ್2032ಕ್ಕೆ ಮಾತ್ರ. ಸಿಆರ್1220ಯಂಥ ಪುಟ್ಟ ಸೆಲ್ಲಿನ ಒಳರೋಧ ಹೊಸದಿದ್ದಾಗಲೇ ಜಾಸ್ತಿ.

ಗ್ಲುಕೋಮೀಟರಿನಲ್ಲಿ ಬ್ಯಾಟರಿ ಚಿಹ್ನೆ ಕಂಡರೆ ಯಾವ ಪರೀಕ್ಷೆಯೂ ಬೇಡ, ಸೆಲ್ ಬದಲಿಸಿ. ಚಿಹ್ನೆ ಇದ್ದಾಗ ಬಂದ ರೀಡಿಂಗ್ ನಂಬಿ ಇನ್ಸುಲಿನ್ ಪ್ರಮಾಣ ಹೆಚ್ಚುಕಮ್ಮಿ ಮಾಡಬೇಡಿ.

ಕಂಪ್ಯೂಟರಿನ ದಿನಾಂಕ ಹಿಂದಕ್ಕೆ ಹೋಗುತ್ತಿದೆ

ಬೆಳಿಗ್ಗೆ ಅಂಗಡಿ ತೆರೆದು ಕಂಪ್ಯೂಟರ್ ಆನ್ ಮಾಡಿದರೆ ವರ್ಷಗಳ ಹಿಂದಿನ ತಾರೀಖು. ಬ್ರೌಸರ್ ಎಲ್ಲ ಸೈಟಿಗೂ "ಸುರಕ್ಷಿತವಲ್ಲ" ಎನ್ನುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ತಪ್ಪು ತಾರೀಖಿನ ಬಿಲ್ ಕೊಡುತ್ತದೆ.

ಸಮಯ ಸರಿಯಾಗಿ ಐದೂವರೆ ಗಂಟೆ ಹೆಚ್ಚುಕಮ್ಮಿ ಇದ್ದರೆ ಸೆಲ್ಲಿನ ತಪ್ಪಲ್ಲ, ಟೈಮ್ ಝೋನ್ ಸೆಟ್ಟಿಂಗ್ ನೋಡಿ. ಕಂಪ್ಯೂಟರ್ ನಡೆಯುತ್ತಿರುವಾಗಲೇ ಸಮಯ ಹಿಂದೆ ಬೀಳುತ್ತಿದ್ದರೂ ಸೆಲ್ ಕಾರಣ ಅಲ್ಲ. ಮೇನ್ ಸ್ವಿಚ್ ತೆಗೆದ ಮೇಲೆ ಮಾತ್ರ ತಪ್ಪಿದರೆ ಸೆಲ್ಲನ್ನು ಅನುಮಾನಿಸಿ.

ಪ್ಲಗ್‌ನಲ್ಲಿ ಕರೆಂಟ್ ಇರುವವರೆಗೆ, ಕಂಪ್ಯೂಟರ್ ಆಫ್ ಇದ್ದರೂ, ಒಳಗಿನ ಗಡಿಯಾರ ಎಸ್‌ಎಂಪಿಎಸ್‌ನ (ಪವರ್ ಸಪ್ಲೈ ಪೆಟ್ಟಿಗೆಯ) ಸ್ಟ್ಯಾಂಡ್‌ಬೈ 5 ವೋಲ್ಟಿನಲ್ಲೇ ನಡೆಯುತ್ತದೆ. ಸೆಲ್ ಆಗ ವಿಶ್ರಾಂತಿಯಲ್ಲಿ ಇರುತ್ತದೆ. ನಮ್ಮ ಕಡೆ ಅಂಗಡಿ ಮುಚ್ಚುವಾಗ ಮೇನ್ ತೆಗೆಯುವುದು ರೂಢಿ. ರೂಢಿ ಒಳ್ಳೆಯದೇ, ಬಿಡಬೇಡಿ. ಆದರೆ ರಾತ್ರಿಯೆಲ್ಲ ಗಡಿಯಾರದ ಹೊರೆ ಸೆಲ್ಲಿನ ಮೇಲೆ ಬೀಳುತ್ತದೆ, ಹಾಗಾಗಿ ಅದು ಬೇಗ ಸವೆಯುತ್ತದೆ.

ಬದಲಿಸುವ ಮುಂಚೆ ಬಯಾಸ್ (ಕಂಪ್ಯೂಟರ್ ಶುರುವಾಗುವಾಗ ನಡೆಯುವ ಮೂಲ ಸಾಫ್ಟ್‌ವೇರ್) ಸೆಟ್ಟಿಂಗ್‌ಗಳ ಫೋಟೋ ತೆಗೆದುಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ರಿಕವರಿ ಕೀ ಕೈಯಲ್ಲಿ ಇರಲಿ. ಪ್ಲಗ್ ಪೂರ್ತಿ ಕಿತ್ತು ಕೆಲಸ ಮಾಡಿ. ಹೊಸ ಸೆಲ್ ಕೆಲವೇ ತಿಂಗಳಿಗೆ 2.6ಕ್ಕೆ ಇಳಿದರೆ ಬಯಾಸ್ ಕ್ಲಿಯರ್ ಮಾಡುವ ಜಂಪರ್ ಸರಿಯಾದ ಜಾಗದಲ್ಲಿ ಇದೆಯಾ ನೋಡಿ. ಅದು ಸರಿ ಇದ್ದೂ ಹೀಗಾದರೆ ಬೋರ್ಡಿನಲ್ಲೇ ಕರೆಂಟ್ ಸೋರಿಕೆ ಇದೆ, ರಿಪೇರಿಯವರಿಗೆ ಕೊಡಿ. ಲ್ಯಾಪ್‌ಟಾಪ್ ಬಿಚ್ಚುವ ಅಭ್ಯಾಸ ಇಲ್ಲದಿದ್ದರೆ ಅದನ್ನೂ ಅವರಿಗೇ ಬಿಡಿ.

ಸೆಲ್ ಗಟ್ಟಿಯಿದೆ, ಆದರೆ ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತಿದೆ

ಕೈಯಿಂದ ಕಟ್ಟಿದ ಸಾಧನಗಳಲ್ಲಿ, ಕಾಲೇಜು ಪ್ರಾಜೆಕ್ಟ್‌ಗಳಲ್ಲಿ ಇದು ದಿನನಿತ್ಯದ ದೂರು. ಹುಡುಗರು ಇನ್ನೂ ದೊಡ್ಡ ಸೆಲ್ ಹುಡುಕುತ್ತಾರೆ. ಮೊದಲು ಲೆಕ್ಕ ಮಾಡಿ.

ಸಿಆರ್2032ರಲ್ಲಿ ಸುಮಾರು 220 ಮಿಲಿಆಂಪಿಯರ್-ಗಂಟೆ ಶಕ್ತಿ ಇರುತ್ತದೆ. ಸಾಧನ ನಿದ್ದೆಯಲ್ಲಿ 10 ಮೈಕ್ರೋಆಂಪಿಯರ್ ಎಳೆದರೆ 22,000 ಗಂಟೆ, ಅಂದರೆ ಎರಡೂವರೆ ವರ್ಷ. 100 ಎಳೆದರೆ ಮೂರು ತಿಂಗಳು. 300 ಎಳೆದರೆ ಒಂದೇ ತಿಂಗಳು.

ಆ 300 ಎಲ್ಲಿಂದ ಬರುತ್ತದೆ ಗೊತ್ತಾ? ಬಾಗಿಲಿಗೆ ಹಚ್ಚುವ ಮ್ಯಾಗ್ನೆಟ್ ಸೆನ್ಸರ್ ನೋಡಿ. ಬಾಗಿಲು ಮುಚ್ಚಿದಾಗ ಮ್ಯಾಗ್ನೆಟ್ಟಿಗೆ ಸ್ಪಂದಿಸುವ ರೀಡ್ ಸ್ವಿಚ್ ಕೂಡಿರುತ್ತದೆ. ಜೊತೆಗೆ 10 ಕಿಲೋಓಮ್ ಪುಲ್‌ಅಪ್ (ಸ್ವಿಚ್ಚಿನ ತಂತಿಯನ್ನು ಪ್ಲಸ್ಸಿಗೆ ಕಟ್ಟುವ ರೆಸಿಸ್ಟರ್) ಹಾಕಿದ್ದರೆ 3 ವೋಲ್ಟಿಗೆ ಸರಿಯಾಗಿ 300 ಮೈಕ್ರೋಆಂಪಿಯರ್ ಇಡೀ ದಿನ ಹರಿಯುತ್ತಲೇ ಇರುತ್ತದೆ. ಅದರ ಬದಲು 1 ಮೆಗಾಓಮ್ ಹಾಕಿದರೆ 3ಕ್ಕೆ ಇಳಿಯುತ್ತದೆ. ಒಂದು ರೆಸಿಸ್ಟರಿನ ಕೆಲಸ, ಅಷ್ಟೇ ಅಲ್ವಾ?

ಇದೇ ರೀತಿ ಬೋರ್ಡಿನ ಪವರ್ ಎಲ್‌ಇಡಿ. 2 ಮಿಲಿಆಂಪಿಯರ್ ಎಳೆಯುವ ಎಲ್‌ಇಡಿ ಐದು ದಿನದೊಳಗೆ ಇಡೀ ಸೆಲ್ ಮುಗಿಸುತ್ತದೆ. ವೋಲ್ಟೇಜ್ ಒಂದೇ ಮಟ್ಟದಲ್ಲಿ ಇಡುವ ಎಎಂಎಸ್1117 ರೆಗ್ಯುಲೇಟರ್ ಏನೂ ಕೆಲಸ ಮಾಡದೆ ತಾನೇ 5 ಮಿಲಿಆಂಪಿಯರ್ ಆಸುಪಾಸು ಕುಡಿಯುತ್ತದೆ. 2400 ಮಿಲಿಆಂಪಿಯರ್-ಗಂಟೆಯ ಎರಡು ದುಬಾರಿ 3.6 ವೋಲ್ಟ್ ಸೆಲ್ಲನ್ನು ಸರಣಿಯಲ್ಲಿ ಹಾಕಿ ಅದರ ಮುಂದೆ ಈ ರೆಗ್ಯುಲೇಟರ್ ಇಟ್ಟರೆ 20 ದಿನಕ್ಕೆ ಎಲ್ಲ ಖಾಲಿ. ಒಂದೇ ಸೆಲ್ ಹಾಕಿ, ರೆಗ್ಯುಲೇಟರನ್ನೇ ಕಿತ್ತರೆ ವರ್ಷಗಟ್ಟಲೆ ನಡೆಯಬಹುದಾದ ಸಾಧನ ಅದು. ಅದಕ್ಕೆ ಚಿಪ್ 3.6 ವೋಲ್ಟ್ ತಡೆಯುತ್ತದೆಯೇ ಎಂದು ಮಾತ್ರ ಮುಂಚೆ ಖಾತ್ರಿ ಮಾಡಿಕೊಳ್ಳಿ.

ನಿದ್ದೆಯ ಕರೆಂಟ್ ಅಳೆಯಲು ದುಬಾರಿ ಉಪಕರಣ ಬೇಡ. ಸೆಲ್ಲಿನ ಪ್ಲಸ್ ತಂತಿಯ ನಡುವೆ 1 ಕಿಲೋಓಮ್ ರೆಸಿಸ್ಟರ್ ಹಾಕಿ. ಅದರ ಎರಡು ತುದಿಗೆ ಒಂದು ಜಂಪರ್ ತಂತಿ ಸಿಕ್ಕಿಸಿ ಸಾಧನ ಆನ್ ಮಾಡಿ. ಸಾಧನ ನಿದ್ದೆಗೆ ಹೋದ ಮೇಲೆ ಜಂಪರ್ ತೆಗೆದು, ರೆಸಿಸ್ಟರಿನ ಮೇಲಿನ ಮಿಲಿವೋಲ್ಟ್ ನೋಡಿ. 1 ಮಿಲಿವೋಲ್ಟ್ ಎಂದರೆ 1 ಮೈಕ್ರೋಆಂಪಿಯರ್. 8 ಬಂದರೆ ಖುಷಿಪಡಿ. 150 ಬಂದರೆ ಬ್ಯಾಟರಿ ಅಳೆಯಲು ಹಾಕಿದ ಎರಡು 10 ಕಿಲೋಓಮ್‌ಗಳ ಡಿವೈಡರ್ (ವೋಲ್ಟೇಜ್ ಪಾಲು ಮಾಡುವ ರೆಸಿಸ್ಟರ್ ಜೋಡಿ) ಇದೆಯಾ ಹುಡುಕಿ. ಅದು ಎಳೆಯುವುದೂ ಸರಿಯಾಗಿ ಅಷ್ಟೇ.

ನಿದ್ದೆ ಸರಿ ಇದ್ದು, ಎಚ್ಚರವಾದಾಗ ಮಾತ್ರ ಸೋಲುತ್ತಿದ್ದರೆ ಸೆಲ್ಲಿನ ಪಕ್ಕ ಒಂದು ಕೆಪಾಸಿಟರ್ ಹಾಕಿ. ಬ್ಲೂಟೂತ್ 15 ಮಿಲಿಆಂಪಿಯರನ್ನು 5 ಮಿಲಿಸೆಕೆಂಡ್ ಎಳೆದರೆ 75 ಮೈಕ್ರೋಕೂಲಂಬ್ ಬೇಕು. ಇಡೀ ಹೊರೆ 100 ಮೈಕ್ರೋಫ್ಯಾರಡ್ ಮೇಲೆ ಬಿದ್ದರೂ ವೋಲ್ಟೇಜ್ 0.75 ಇಳಿಯುತ್ತದೆ. 220 ಹಾಕಿದರೆ 0.34 ಮಾತ್ರ. ಆಮೇಲೆ ಸೆಲ್ ನಿಧಾನವಾಗಿ ಅದನ್ನು ತುಂಬಿಸಿಕೊಳ್ಳುತ್ತದೆ. ಕೆಪಾಸಿಟರ್ ಸೋರಿಕೆ ಕಡಿಮೆ ಇರುವ ಜಾತಿಯದ್ದಾಗಿರಲಿ. ಅಗ್ಗದ ಎಲೆಕ್ಟ್ರೋಲಿಟಿಕ್ ತಾನೇ ಹಲವು ಮೈಕ್ರೋಆಂಪಿಯರ್ ಸೋರಿಸಿ, ಉಳಿಸಿದ್ದನ್ನು ಅಲ್ಲಿ ಕಳೆಯಬಹುದು.

ಚಿಪ್ ಯಾವ ವೋಲ್ಟೇಜಿಗೆ ರೀಸೆಟ್ ಆಗುತ್ತದೆ ಎಂಬುದನ್ನೂ ನೋಡಿ. ಪ್ರಾಜೆಕ್ಟ್‌ಗಳಲ್ಲಿ ಬಳಸುವ ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ328 ಚಿಪ್ಪಿಗೆ ಈ ರೀಸೆಟ್ ಮಿತಿ (ಬ್ರೌನ್-ಔಟ್) 2.7 ವೋಲ್ಟ್ ಇಟ್ಟಿರುತ್ತಾರೆ. ಆ ಮಿತಿಯನ್ನೂ ತಗ್ಗಿಸಿ, ವೇಗ 4 ಮೆಗಾಹರ್ಟ್ಸ್‌ಗೆ ಇಳಿಸಿದರೆ ಅದೇ ಚಿಪ್ 1.8ರವರೆಗೆ ನಡೆಯುತ್ತದೆ. ಸೆಲ್ಲಿನ ಶಕ್ತಿಯನ್ನು ಅಳೆಯುವುದೇ 2.0 ವೋಲ್ಟಿಗೆ ಇಳಿಯುವವರೆಗೆ. 2.7ಕ್ಕೇ ನಿಲ್ಲಿಸಿದರೆ ಕೊಂಡ ಶಕ್ತಿಯಲ್ಲಿ ಒಂದು ಪಾಲು ಕಸಕ್ಕೆ ಹೋಗುತ್ತದೆ.

ಇನ್ನು ವೈಫೈ. ಇಎಸ್‌ಪಿ8266, ಇಎಸ್‌ಪಿ32 ಚಿಪ್‌ಗಳು ಒಮ್ಮೆಗೆ 300 ಮಿಲಿಆಂಪಿಯರ್ ಮೇಲೆಯೂ ಕೇಳುತ್ತವೆ. ಬಟನ್ ಸೆಲ್ಲಿನಿಂದ ಆಗದ ಕೆಲಸ ಅದು, ಯಾವ ಕೆಪಾಸಿಟರೂ ಉಳಿಸುವುದಿಲ್ಲ. ಸಿಆರ್123ಎ ಅಥವಾ ಎರಡು 1.5 ವೋಲ್ಟಿನ ಲಿಥಿಯಂ-ಐರನ್ ಎಎ ಸೆಲ್ ಹಾಕಿ. ಇವುಗಳ ಒಳಗೆ ಲಿಥಿಯಂ ಹಾಳೆಯನ್ನು ಸುರುಳಿ ಸುತ್ತಿರುತ್ತಾರೆ. ಮೇಲ್ಮೈ ಜಾಸ್ತಿ, ಹಾಗಾಗಿ ಒಳರೋಧ ಕಡಿಮೆ.

ಸೆಲ್ಲಿನ ಒಳಗಿನ ವಿನ್ಯಾಸವೂ ನಿಂತ ನೀರಲ್ಲ. ಮಾಮೂಲಿ ಸೆಲ್ಲಿನಲ್ಲಿ ಎಲೆಕ್ಟ್ರೋಲೈಟ್ ಎಂಬ ಒಳಗಿನ ದ್ರವ ಅಯಾನುಗಳನ್ನು (ವಿದ್ಯುತ್ ಕಣಗಳನ್ನು) ಸಾಗಿಸುತ್ತದೆ, ತಾನು ಶಕ್ತಿ ಕೊಡುವುದಿಲ್ಲ. ಅಮೆರಿಕದ ಎಂಐಟಿಯಲ್ಲಿ ಬೆಟಾರ್ ಗ್ಯಾಲಂಟ್ ಅವರ ತಂಡ 2022ರಲ್ಲಿ ಫ್ಲೋರಿನ್ ಇರುವ ದ್ರವವೊಂದನ್ನು ಎಲೆಕ್ಟ್ರೋಲೈಟಾಗಿ ಬಳಸಿ, ಅದೂ ಶಕ್ತಿ ಕೊಡುವಂತೆ ಮಾಡಿ ತೋರಿಸಿತು. ಪೇಸ್‌ಮೇಕರ್‌ನಂಥ ಸಾಧನಗಳ ಸೆಲ್ ಮೇಲೆ ಅವರ ಕಣ್ಣಿದೆ. ಎದೆಯೊಳಗಿನ ಸೆಲ್ ಬದಲಿಸಲು ಮತ್ತೆ ಆಪರೇಷನ್ ಬೇಕು, ಹಾಗಾಗಿ ಅಲ್ಲಿ ಒಂದೊಂದು ವರ್ಷ ಹೆಚ್ಚು ಬಾಳಿಕೆಯೂ ದೊಡ್ಡದು.

ಬಹಳ ದಿನ ಇಟ್ಟಿದ್ದ 3.6 ವೋಲ್ಟ್ ಸೆಲ್ ಹಾಕಿದರೆ ಸಾಧನ ಎಚ್ಚರವಾಗುತ್ತಿಲ್ಲ

ನೀರಿನ ಸ್ಮಾರ್ಟ್ ಮೀಟರ್, ಲಾಗರ್, ಹೊಲದ ಸೆನ್ಸರ್‌ಗಳಲ್ಲಿ ಇಆರ್14505 ಎಂಬ ಎಎ ಗಾತ್ರದ ಸೆಲ್ ಬರುತ್ತದೆ. ಇದು ಲಿಥಿಯಂ-ಥಯೋನಿಲ್ ಕ್ಲೋರೈಡ್ ಜಾತಿ. ಹತ್ತು ವರ್ಷ ಬಾಳುವ ಸೆಲ್ ಎಂದು ಹೆಸರಾಗಿದೆ. ಆದರೆ ಬಹಳ ದಿನ ಸುಮ್ಮನಿದ್ದರೆ ಲಿಥಿಯಂ ಮೇಲೆ ಲಿಥಿಯಂ ಕ್ಲೋರೈಡಿನ ತೆಳು ಪದರ ಬೆಳೆಯುತ್ತದೆ. ಬಿಸಿ ಗೋದಾಮಿನಲ್ಲಿ ಇಟ್ಟಿದ್ದರೆ ಇನ್ನೂ ದಪ್ಪ. ಸೆಲ್ ಇಷ್ಟು ವರ್ಷ ಬಾಳುವುದೇ ಈ ಪದರದ ಕಾಪಿನಿಂದ. ಹಠಾತ್ತಾಗಿ ಜಾಸ್ತಿ ಕರೆಂಟ್ ಕೇಳಿದಾಗ ಅಡ್ಡ ಬರುವುದೂ ಅದೇ ಪದರ.

ಗುರುತು ಸ್ಪಷ್ಟವಾಗಿದೆ. ಬರಿಗೈ ವೋಲ್ಟೇಜ್ 3.6 ದಾಟಿರುತ್ತದೆ. 330 ಓಮ್ ಹಚ್ಚಿದ ಕೂಡಲೇ 3ಕ್ಕಿಂತ ಕೆಳಗೆ ಬೀಳುತ್ತದೆ, ಆಮೇಲೆ ನಿಧಾನವಾಗಿ ಏರತೊಡಗುತ್ತದೆ. ಸುಮಾರು 10 ಮಿಲಿಆಂಪಿಯರಿನ ಆ ಹೊರೆಯನ್ನು ಕೆಲವು ನಿಮಿಷ ಇಡಿ. 3.3 ದಾಟಿ ನಿಂತರೆ ಪದರ ಒಡೆದಿದೆ, ಸೆಲ್ ಚೆನ್ನಾಗಿದೆ. ಏರದೆ ಇಳಿಯುತ್ತಲೇ ಹೋದರೆ ಖಾಲಿ. ಕಂಪನಿ ಬೇರೆ ಹೊರೆ ಹೇಳಿದ್ದರೆ ಅದನ್ನೇ ಬಳಸಿ.

ಈ ಜಾತಿಯ ಸೆಲ್ ಕೊನೆಯವರೆಗೂ 3.6 ತೋರಿಸಿ, ಒಮ್ಮೆಲೇ ಕುಸಿಯುತ್ತದೆ. ಬ್ಯಾಟರಿ ಶೇಕಡಾವಾರು ತೋರಿಸಲು ವೋಲ್ಟೇಜ್ ನಂಬಿದ ಸಾಧನ ಇವತ್ತು 100 ಎಂದು ಹೇಳಿ ನಾಳೆ ಸತ್ತಿರುತ್ತದೆ. ಸಾಧನ ಎಷ್ಟು ಸಲ ಎಚ್ಚರವಾಯಿತು, ಪ್ರತಿ ಸಲ ಎಷ್ಟು ಎಳೆಯಿತು ಎಂದು ಎಣಿಸಿ ಲೆಕ್ಕ ಇಡುವುದೇ ಸರಿಯಾದ ದಾರಿ.

ಕೋಲ್ಡ್ ಸ್ಟೋರೇಜಿನ ಒಳಗೆ ಮಾತ್ರ ಕೈಕೊಡುತ್ತದೆ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಇಟ್ಟ ಲಾಗರ್ ಒಳಗೆ ಸುಮ್ಮನಾಗುತ್ತದೆ, ಹೊರಗೆ ತಂದು ಸ್ವಲ್ಪ ಹೊತ್ತು ಬಿಟ್ಟರೆ ತಾನೇ ಎಚ್ಚರವಾಗುತ್ತದೆ. ಸೆಲ್ ಖಾಲಿಯಾಗಿಲ್ಲ. ಚಳಿಗೆ ಒಳಗಿನ ದ್ರವ ಮಂದವಾಗಿ ಒಳರೋಧ ಏರಿದೆ. ಹೊರಗೆ 2.6 ನಿಲ್ಲುತ್ತಿದ್ದ ಸೆಲ್ ಒಳಗೆ ಅಷ್ಟು ನಿಲ್ಲುವುದಿಲ್ಲ. ಹೊಸ ಸೆಲ್ ಹಾಕಿದರೆ ಕೆಲವು ತಿಂಗಳು ಮುಚ್ಚಿಹೋಗಿ ಮತ್ತೆ ಅದೇ ತೊಂದರೆ.

ಸುಲಭ ಪರಿಹಾರ: ಲಾಗರ್ ಪೆಟ್ಟಿಗೆ ಗೋಡೆಯ ಹೊರಗೆ, ತಂತಿಯ ತುದಿಯ ಸೆನ್ಸರ್ ಮಾತ್ರ ಒಳಗೆ. ಆಗದಿದ್ದರೆ ಲಿಥಿಯಂ-ಐರನ್ ಎಎ ಸೆಲ್ ತೆಗೆದುಕೊಳ್ಳುವ ಲಾಗರ್ ಆರಿಸಿ. ಅದು ಸೊನ್ನೆಗಿಂತ 40 ಡಿಗ್ರಿ ಕೆಳಗೂ ನಡೆಯುತ್ತದೆ. ಒಳಗಿನಿಂದ ತಂದ ಲಾಗರನ್ನು ಕೂಡಲೇ ಬಿಚ್ಚಬೇಡಿ. ತಣ್ಣನೆ ಬೋರ್ಡಿನ ಮೇಲೆ ಹೊರಗಿನ ಗಾಳಿಯ ನೀರು ಹನಿಗಟ್ಟಿ ಕರೆಂಟ್ ಸೋರಿಕೆ ಶುರುವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಬೆಚ್ಚಗಾದ ಮೇಲೆ ತೆಗೆಯಿರಿ.

ಬಿಸಿಲಿನದ್ದು ಉಲ್ಟಾ ಕಥೆ. ಏಪ್ರಿಲ್-ಮೇನಲ್ಲಿ ಗದಗದ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಟ್ರ್ಯಾಕರ್ ಆ ಹೊತ್ತಿಗೆ ಚೆನ್ನಾಗಿಯೇ ನಡೆಯುತ್ತದೆ, ಸೆಲ್ ಮಾತ್ರ ಒಳಗೇ ಸವೆಯುತ್ತದೆ. ಸೀಟಿನ ಕೆಳಗೆ ಇಡಿ.

ಸೆಲ್ ಉಬ್ಬಿದೆ, ಬಿಸಿಯಾಗಿದೆ ಅಥವಾ ಘಾಟು ವಾಸನೆ ಬರುತ್ತಿದೆ

ಇಲ್ಲಿ ಪರೀಕ್ಷೆ ನಿಲ್ಲಿಸಿ. ಸಾಧನದ ಕರೆಂಟ್ ತೆಗೆಯಿರಿ, ಮುಖ ದೂರ ಇಡಿ, ತಣ್ಣಗಾಗುವವರೆಗೆ ಮುಟ್ಟಬೇಡಿ.

ಚಾರ್ಜ್ ಮಾಡಬಾರದ ಸೆಲ್ಲಿಗೆ ಚಾರ್ಜ್ ಹೋಗಿದ್ದರೆ ಹೀಗಾಗುತ್ತದೆ. ಪ್ರಾಜೆಕ್ಟ್ ಮಾಡುವವರು ಗಮನಿಸಿ: ಡಿಎಸ್3231 ಗಡಿಯಾರದ ಅಗ್ಗದ ನೀಲಿ ಮಾಡ್ಯೂಲ್‌ನಲ್ಲಿ ಚಾರ್ಜ್ ಆಗುವ ಎಲ್‌ಐಆರ್2032ಕ್ಕೆಂದು ಒಂದು ಡಯೋಡ್ ಮತ್ತು 200 ಓಮ್ ರೆಸಿಸ್ಟರ್ ಇಟ್ಟಿರುತ್ತಾರೆ. ಅಳತೆ ಒಂದೇ ಆದ್ದರಿಂದ ಎಲ್ಲರೂ ಸಿಆರ್2032 ಹಾಕುತ್ತಾರೆ. ಮಾಡ್ಯೂಲಿಗೆ 5 ವೋಲ್ಟ್ ಕೊಟ್ಟ ಕೂಡಲೇ ಸೆಲ್ಲಿಗೆ ನಾಲ್ಕೂವರೆ ವೋಲ್ಟಿನ ಹತ್ತಿರ ಹೋಗುತ್ತದೆ. ಸೆಲ್ ತೆಗೆದು, 5 ವೋಲ್ಟ್ ಕೊಟ್ಟು, ಹೋಲ್ಡರಿನ ಎರಡು ತುದಿ ಅಳೆಯಿರಿ. ನಾಲ್ಕರ ಮೇಲೆ ಬಂದರೆ ಚಾರ್ಜಿಂಗ್ ದಾರಿ ತೆರೆದಿದೆ. 201 ಎಂದು ಬರೆದ ಆ ಪುಟ್ಟ ರೆಸಿಸ್ಟರ್ ಕಿತ್ತು, ಮತ್ತೆ ಅಳೆದು, ಆ ವೋಲ್ಟೇಜ್ ಹೋಗಿದ್ದರೆ ಮಾತ್ರ ಸಿಆರ್2032 ಹಾಕಿ. ಸೆಲ್ ಒಳಗಿರುವಾಗ ಈ ಬೆಸುಗೆ ಕೆಲಸ ಬೇಡ.

ಬೆಸುಗೆಯ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಲಿಥಿಯಂ ಕರಗುವುದು 180 ಡಿಗ್ರಿಗೆ. ಸೋಲ್ಡರಿಂಗ್ ಐರನ್ನಿನ ತುದಿ 300 ದಾಟಿರುತ್ತದೆ. ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಿದರೆ ಅದು ಸಿಡಿಯಬಹುದು. ಕಾರ್ಖಾನೆಯಲ್ಲೇ ಪಟ್ಟಿ ಕೂಡಿಸಿದ ಸೆಲ್ ಕೊಳ್ಳಿ ಅಥವಾ ಹೋಲ್ಡರ್ ಬಳಸಿ.

3.6 ವೋಲ್ಟ್ ಸೆಲ್ ಸೋರಿದರೆ ವಿಷಯ ಗಂಭೀರ. ಥಯೋನಿಲ್ ಕ್ಲೋರೈಡ್ ಗಾಳಿಯ ತೇವಕ್ಕೆ ತಾಗಿ ಹೈಡ್ರೋಜನ್ ಕ್ಲೋರೈಡ್, ಸಲ್ಫರ್ ಡೈಆಕ್ಸೈಡ್ ಅನಿಲ ಆಗುತ್ತದೆ. ಮೂಗು, ಗಂಟಲು ಉರಿಯುತ್ತದೆ. ಕಿಟಕಿ ತೆರೆದು ಎಲ್ಲರೂ ಹೊರಗೆ ಬನ್ನಿ. ಚರ್ಮಕ್ಕೆ, ಕಣ್ಣಿಗೆ ತಾಗಿದ್ದರೆ ಧಾರಾಳ ನೀರಿನಲ್ಲಿ ಬಹಳ ಹೊತ್ತು ತೊಳೆದು ಆಸ್ಪತ್ರೆಗೆ ಹೋಗಿ. ಉಸಿರಾಟ ಕಷ್ಟ ಅಥವಾ ಬೆಂಕಿ ಕಂಡರೆ 112ಕ್ಕೆ ಕರೆ ಮಾಡಿ. ನೀವೇ ಆರಿಸಲು ಹೋಗಬೇಡಿ.

ಮನೆಯ ಕರೆಂಟ್ ಮೀಟರಿನ ಡಿಸ್‌ಪ್ಲೇ ಖಾಲಿಯಾದರೆ ಅಥವಾ ಅದರ ತಾರೀಖು ತಪ್ಪಿದರೆ ಸೀಲ್ ಮುಟ್ಟಬೇಡಿ. ಒಳಗೆ ಅಪಾಯದ ವೋಲ್ಟೇಜ್ ಇದೆ, ಸೀಲ್ ಒಡೆಯುವುದು ಅಪರಾಧವೂ ಹೌದು. ಹೆಸ್ಕಾಂನ 1912ಕ್ಕೆ ದೂರು ಕೊಡಿ. ನೀರಿನ ಮೀಟರೂ ಹಾಗೆಯೇ, ಅದು ನೀರು ಪೂರೈಸುವವರ ಕೆಲಸ.

ತೆಗೆದ ಸೆಲ್ ಎಲ್ಲಿ ಹಾಕಬೇಕು

ತೆಗೆದ ಕೂಡಲೇ ಎರಡೂ ಬದಿಗೆ ಸೆಲ್ಲೋಟೇಪ್ ಸುತ್ತಿ. ಟೇಪ್ ಇಲ್ಲದ ಸೆಲ್‌ಗಳು ಡಬ್ಬಿಯಲ್ಲಿ ಒಂದಕ್ಕೊಂದು ತಾಗಿ ಬಿಸಿಯಾಗುತ್ತವೆ. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಮುಚ್ಚಳ ಗಟ್ಟಿಯಿರುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡಿ. ಪಾಲಿಕೆಯ ಕಸದ ಗಾಡಿಗೆ ಹಸಿ ಕಸ, ಒಣ ಕಸದ ಜೊತೆ ಕೊಡಬೇಡಿ, ಸುಡಲೂ ಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಸೆಲ್ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಡಬ್ಬಿ ತುಂಬಿದಾಗ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಉಬ್ಬಿದ ಸೆಲ್ಲನ್ನು ಮಾತ್ರ ಅದೇ ಡಬ್ಬಿಗೆ ಹಾಕದೆ, ಒಣ ಮರಳು ತುಂಬಿದ ಬೇರೆ ಡಬ್ಬಿಯಲ್ಲಿ, ಮುಚ್ಚಳ ಬಿಗಿಯದೆ, ಮನೆಯ ಹೊರಗೆ ಇಡಿ.